ಹಳೇ ದೆವ್ವದ ಸಿನಿಮಾ: ಹಾಗೇ ನೋಡೋದಾ, ತೊಳೆದು ನೋಡೋದಾ, ಮತ್ತೆ ಮಾಡೋದಾ?

ನಮ್ಮ ಮನೆಯಲ್ಲಿ ಈ ಜಗಳ ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಗೆ ಸರಿಯಾಗಿ ಶುರುವಾಗುತ್ತದೆ. ಎಡೆ ಇಟ್ಟು, ಊಟ ಮುಗಿಸಿ, ಗುಬ್ಬಿ ಹತ್ತಿರದ ಅತ್ತೆ ಮನೆಯ ಹಜಾರದಲ್ಲಿ ಚಾಪೆ ಹಾಸಿಕೊಂಡು ಕೂತರೆ ಮುಂದಿನ ಪ್ರಶ್ನೆ ಒಂದೇ: ಇವತ್ತು ಯಾವ ದೆವ್ವದ ಸಿನಿಮಾ? ಅತ್ತೆಗೆ 'ನಾ ನಿನ್ನ ಬಿಡಲಾರೆ' ಬೇಕು, ಅದೂ 1979ರದ್ದೇ. ಅಕ್ಕನ ಮಗ ತುಮಕೂರಿನಲ್ಲಿ ಸೆಕೆಂಡ್ ಪಿಯುಸಿ ಓದುತ್ತಿದ್ದಾನೆ, ಅವನಿಗೆ ಹೋದ ತಿಂಗಳು ಬಂದದ್ದು ಬೇಕು. "ಮಾವ, ಅದನ್ನ ಯಾರಾದ್ರೂ ಈಗ ಮತ್ತೆ ತೆಗೆದ್ರೆ ನೋಡ್ತೀನಿ, ಈ ಹಳೇ ಪ್ರಿಂಟು ನನ್ ಕೈಲಿ ಆಗಲ್ಲ" ಅನ್ನುತ್ತಾನೆ. "ನೀನು ನೋಡ್ದಿದ್ರೆ ಕಾಮಿನಿಗೇನೂ ನಷ್ಟ ಇಲ್ಲ ಬಿಡೋ" ಅನ್ನುತ್ತಾರೆ ಅತ್ತೆ. ಕಾಮಿನಿ ಅಂದರೆ ಆ ಸಿನಿಮಾದ ದೆವ್ವ.

ಇಬ್ಬರ ನಡುವೆ ರಿಮೋಟ್ ಹಿಡಿದು ಕೂತವನು ನಾನು. ಹಾಗಾಗಿ ಈ ವಿಷಯದ ಬಗ್ಗೆ ಬೇಕಾದ್ದಕ್ಕಿಂತ ಜಾಸ್ತಿಯೇ ಯೋಚಿಸಿದ್ದೇನೆ. ಹಳೇ ಹಾರರ್ ಸಿನಿಮಾಗಳನ್ನು ಹೊಸಬರಿಗಾಗಿ ಮತ್ತೆ ಮಾಡಬೇಕಾ ಅಂತ ಕೇಳಿದರೆ ಒಂದೇ ಮಾತಲ್ಲಿ ಹೌದು, ಬೇಡ ಅನ್ನುವವರನ್ನು ನಾನು ನಂಬುವುದಿಲ್ಲ. ದಾರಿಗಳು ನಾಲ್ಕಿವೆ. ಹಳೇದನ್ನು ಇದ್ದ ಹಾಗೇ ನೋಡಬಹುದು. ಅದೇ ಪ್ರಿಂಟನ್ನು ತೊಳೆದು, ಸದ್ದು ಸರಿ ಮಾಡಿ ಮತ್ತೆ ಬಿಡುಗಡೆ ಮಾಡಬಹುದು. ಕಥೆಯನ್ನು ಬೇರೆ ಊರಿಗೆ, ಬೇರೆ ಭಾಷೆಗೆ ಒಯ್ಯಬಹುದು. ಇಲ್ಲವೇ ಬೀಜ ಮಾತ್ರ ಉಳಿಸಿಕೊಂಡು ಪೂರ್ತಿ ಹೊಸ ಸಿನಿಮಾ ಮಾಡಬಹುದು. ಐದನೆಯದೂ ಒಂದಿದೆ, ಇದ್ದದ್ದನ್ನು ಇದ್ದ ಹಾಗೇ ಮತ್ತೆ ಶೂಟ್ ಮಾಡುವುದು. ಅದರ ಗತಿ ಏನಾಯಿತು ಅಂತ ಆಮೇಲೆ ಹೇಳುತ್ತೇನೆ.

ಕರೆಂಟ್ ಹೋದ ರಾತ್ರಿ

ಎರಡು ವರ್ಷದ ಹಿಂದೆ ಅಮಾವಾಸ್ಯೆ ರಾತ್ರಿಯೇ ಕರೆಂಟ್ ಹೋಯಿತು. ಯುಪಿಎಸ್ ಸ್ವಲ್ಪ ಹೊತ್ತು ಗೊಣಗಿ ಸುಮ್ಮನಾಯಿತು. ಮೊಬೈಲ್‌ಗಳಲ್ಲಿ ಚಾರ್ಜು ಅಷ್ಟಕ್ಕಷ್ಟೆ. ಆಗ ಅತ್ತೆ ಎಲೆ ಅಡಿಕೆ ಹಾಕಿಕೊಂಡು, ಆ ಸಿನಿಮಾದ ಕಥೆಯನ್ನು ಬಾಯಲ್ಲೇ ಹೇಳೋಕೆ ಶುರು ಮಾಡಿದರು. ಅನಂತನಾಗ್ ಮೈಮೇಲೆ ಬರುವ ಕಾಮಿನಿ, ಗಂಡನನ್ನು ಬಿಡಿಸಿಕೊಳ್ಳಲು ಲಕ್ಷ್ಮಿ ಪಡುವ ಪಾಡು, ಕೊನೆಗೆ ರಾಯರ ಮೊರೆ. ಕ್ಯಾಮೆರಾ ಇಲ್ಲ, ರಾಜನ್-ನಾಗೇಂದ್ರರ ಸಂಗೀತವೂ ಇಲ್ಲ. ಅತ್ತೆಯ ದನಿ, ಒಂದು ಮೇಣದ ಬತ್ತಿ, ಹೊರಗೆ ತೆಂಗಿನ ಗರಿ ಗೋಡೆಗೆ ಸವರುವ ಸದ್ದು, ಇಷ್ಟೇ. ಕಥೆ ಮುಗಿದ ಮೇಲೆ ಹಿತ್ತಲಿಗೆ ಹೋಗಿ ಹಿಂದಿನ ಬಾಗಿಲು ಹಾಕಿ ಬಾರೋ ಅಂದರೆ, ಆಗಿನ್ನೂ ಹತ್ತನೇ ಕ್ಲಾಸಿನಲ್ಲಿದ್ದ ನಮ್ಮ ಹುಡುಗ ಜಪ್ಪಯ್ಯ ಅಂದರೂ ಏಳಲಿಲ್ಲ. ಹಿಂದಿನ ವರ್ಷ ಅದೇ ಸಿನಿಮಾವನ್ನು ಟೀವಿಯಲ್ಲಿ ನೋಡಿ ನಕ್ಕಿದ್ದವನು ಇವನೇ!

ಆವತ್ತಿಂದ ನನ್ನ ಹತ್ತಿರ ಒಂದು ಪರೀಕ್ಷೆ ಇದೆ. ಕತ್ತಲಲ್ಲಿ ಬಾಯಲ್ಲಿ ಹೇಳಿದರೂ ಹೆದರಿಕೆ ಆಗುತ್ತದೆ ಅಂದರೆ ಆ ಭಯ ಇರುವುದು ಕಥೆಯಲ್ಲಿ. ಅಂಥದ್ದನ್ನು ಯಾರು ಬೇಕಾದರೂ, ಯಾವ ಊರಲ್ಲಿ ಬೇಕಾದರೂ ಮತ್ತೆ ಮಾಡಬಹುದು. ಹೇಳುವಾಗ ಸಪ್ಪೆ, ಪರದೆ ಮೇಲೆ ನೋಡಿದರೆ ಮಾತ್ರ ಮೈ ಜುಮ್ ಅನ್ನುವುದಾದರೆ, ಭಯ ಇರುವುದು ಆ ಬೆಳಕಿನಲ್ಲಿ, ಆ ಮುಖದಲ್ಲಿ, ಆ ಸದ್ದಿನಲ್ಲಿ. ಅಂಥದ್ದನ್ನು ತೊಳೆದು ತೋರಿಸಿ ಸಾಕು, ಮತ್ತೆ ಮಾಡಲು ಹೋಗಬೇಡಿ.

ರೀಮೇಕ್ ಅಂದರೆ ಸಾಕು ಮೂಗು ಮುರಿಯುವವರು ಇನ್ನೊಂದು ನೆನಪಿಟ್ಟುಕೊಳ್ಳಬೇಕು. ಗುಬ್ಬಿ ವೀರಣ್ಣನವರ ಜಿಲ್ಲೆ ನಮ್ಮದು. ಇಲ್ಲಿನ ಹಳ್ಳಿಗಳಲ್ಲಿ ಈಗಲೂ ಹಬ್ಬ, ಜಾತ್ರೆ ಅಂದರೆ 'ಕುರುಕ್ಷೇತ್ರ' ನಾಟಕ. ಕೈಯಿಂದ ದುಡ್ಡು ಕೊಟ್ಟು ಪಾರ್ಟು ತಗೊಳ್ಳುತ್ತಾರೆ, ದುರ್ಯೋಧನನ ಪಾರ್ಟಿಗೆ ಪೈಪೋಟಿ, ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ತಾಲೀಮು ಮಾಡಿಸುತ್ತಾರೆ. ಅದೇ ಕಥೆ, ಅದೇ ಕಂದಪದ್ಯ. ಇದು ರೀಮೇಕು, ಮೂಲ ಚೆನ್ನಾಗಿತ್ತು ಅಂತ ಯಾರಾದರೂ ಎದ್ದು ಹೋಗಿದ್ದುಂಟಾ? ಹೋದ ವರ್ಷದ ದುರ್ಯೋಧನನ ಕಂಠ ಇನ್ನೂ ಜೋರಿತ್ತು ಅನ್ನಬಹುದು, ಅಷ್ಟೇ. ಆದರೆ ಒಂದು ವ್ಯತ್ಯಾಸ ಇದೆ. ನಾಟಕ ಬೆಳಗಿನ ಜಾವ ಮುಗಿದು ಸೀನರಿ ಸುತ್ತಿಟ್ಟರೆ ಮುಗಿಯಿತು, ಸಿನಿಮಾ ಮಾತ್ರ ಅಲ್ಲೇ ಕೂತಿರುತ್ತದೆ, ಹೊಸದರ ಪಕ್ಕದಲ್ಲೇ. ಹೊಸಬನು ಹಳಬನ ನೆನಪಿನ ಜೊತೆ ಸೆಣಸಿದರೆ ಸಾಲದು, ಹಳಬನ ಜೊತೆಯೇ ಸೆಣಸಬೇಕು.

ತೊಳೆದು ತೋರಿಸುವುದು

ನನ್ನ ಮೊದಲ ಓಟು ಇದಕ್ಕೇ, ಮುಲಾಜಿಲ್ಲದೆ. ಹುಡುಗರು "ಹಳೇದು ಬೋರು" ಅಂದಾಗ ಅರ್ಧ ಸಲ ಅವರು ಬೈಯುವುದು ಸಿನಿಮಾವನ್ನಲ್ಲ, ಯಾರೋ ಟೀವಿಯಿಂದ ಎತ್ತಿ ಹಾಕಿದ ಮಸುಕು ಕಾಪಿಯನ್ನು. ಬಣ್ಣ ಬಿಳಚಿಕೊಂಡಿರುತ್ತದೆ, ತಲೆ ಮೇಲೆ ಕಟ್ಟಾಗಿರುತ್ತದೆ, ಮೂಲೆಯಲ್ಲಿ ಚಾನೆಲ್ ಗುರುತು. ಅದರಲ್ಲಿ ಯಾವ ದೆವ್ವ ಬಂದರೂ ನೆಗಡಿ ಆದ ಹಾಗೇ ಕಾಣುವುದು.

1993ರ ಮಲಯಾಳಂ 'ಮಣಿಚಿತ್ರತ್ತಾಳು' 2024ರ ಆಗಸ್ಟ್‌ನಲ್ಲಿ 4ಕೆ ರೂಪದಲ್ಲಿ ಮತ್ತೆ ಥಿಯೇಟರಿಗೆ ಬಂತು, ಮೂವತ್ತು ವರ್ಷ ಕಳೆದ ಮೇಲೆ. ಕನ್ನಡದ್ದೇ ಬೇಕೆಂದರೆ, ಹಾರರ್ ಅಲ್ಲದಿದ್ದರೂ 1977ರ 'ಘಟಶ್ರಾದ್ಧ'ವನ್ನು ಹೀಗೇ ಜೀರ್ಣೋದ್ಧಾರ ಮಾಡಿ ಅದೇ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ನೆಗೆಟಿವ್ ಉಳಿದಿದ್ದರೆ ಒಂದೊಂದೇ ಚೌಕಟ್ಟನ್ನು ಸ್ಕ್ಯಾನ್ ಮಾಡಿ, ಗೀರು ಅಳಿಸಿ, ಮಾಸಿದ ಬಣ್ಣ ವಾಪಸ್ ತರಬಹುದು. ಉಳಿದಿದ್ದರೆ ಅನ್ನುವುದೇ ಇಲ್ಲಿ ದೊಡ್ಡ ಮಾತು. ನಮ್ಮ ಮೊದಲ ಮಾತಿನ ಚಿತ್ರ, 1934ರ 'ಸತಿ ಸುಲೋಚನಾ', ಅದರ ಪ್ರಿಂಟೇ ಉಳಿದಿಲ್ಲ. ಯಾವ ರೀಮೇಕಿಗೆ ಎಷ್ಟು ಕೋಟಿ ಅಂತ ಚರ್ಚೆ ಮಾಡುವ ಮೊದಲು, ಹಳೇ ಡಬ್ಬಗಳು ಯಾರ ಗೋಡೌನಿನಲ್ಲಿ ಹುಳಿ ವಾಸನೆ ಹೊಡೆಯುತ್ತಿವೆ ಅಂತ ನೋಡುವುದು ಒಳ್ಳೆಯದು.

ಹಾರರ್ ತೊಳೆಯುವಾಗ ಒಂದು ಅಪಾಯವೂ ಇದೆ. ಕಡಿಮೆ ದುಡ್ಡಿನ ಹಳೇ ಸಿನಿಮಾಗಳು ತಮ್ಮ ಬಡತನವನ್ನು ಕತ್ತಲಲ್ಲೇ ಮುಚ್ಚಿಟ್ಟಿರುತ್ತವೆ. ಕತ್ತಲನ್ನು ಬೆಳಗಿಸಿದರೆ ದೆವ್ವ ಎತ್ತಿ ಹಿಡಿದ ದಾರ ಕಾಣುತ್ತದೆ, ಸೆಟ್ಟಿನ ಪ್ಲೈವುಡ್ ಕಾಣುತ್ತದೆ. ಜಾಸ್ತಿ ಉಜ್ಜಿದರೆ ಫಿಲ್ಮಿನ ಕಣಗಳೆಲ್ಲ ಹೋಗಿ ಮುಖಗಳು ಮೇಣದ ಗೊಂಬೆ ಥರ ಆಗುತ್ತವೆ. ಇನ್ನು ನೋಡುವ ಜಾಗ. ಒಮ್ಮೆ ಊರಿನ ಒಂದು ಥಿಯೇಟರಿನಲ್ಲಿ ಹೀಗೆ ಮತ್ತೆ ಬಿಡುಗಡೆಯಾದ ಸಿನಿಮಾಕ್ಕೆ ಹೋಗಿದ್ದೆ. ಎಡಗಡೆ ಸ್ಪೀಕರ್ ಪೂರ್ತಿ ಸತ್ತಿತ್ತು. ಹಾಡು ಬಂತು, ಫೈಟು ಬಂತು, ಪಿಸುಮಾತು ಮಾತ್ರ ಬರಲಿಲ್ಲ. ದೆವ್ವ ಬಾಯಿ ಅಲ್ಲಾಡಿಸಿಕೊಂಡು ಹೋಯಿತು. ಇಂಟರ್‌ವಲ್‌ನಲ್ಲಿ ಹೇಳಿದರೆ "ಹಳೇ ಪಿಚ್ಚರ್ ಸಾರ್, ಹಂಗೇ ಇರೋದು" ಅಂದರು. ಅದಕ್ಕಿಂತ ಮನೆಯಲ್ಲಿ ಲೈಟು ಆರಿಸಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನೋಡುವುದು ಮೇಲು. ಆದರೆ ನೆಟ್ ನಿಧಾನ ಇದ್ದರೆ ಕತ್ತಲ ದೃಶ್ಯವೆಲ್ಲ ಕಪ್ಪು ಚೌಕ ಚೌಕ ಆಗುತ್ತದೆ, ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಇದ್ದದ್ದನ್ನು ಇದ್ದ ಹಾಗೇ ಮತ್ತೆ ತೆಗೆದರೆ

ಇದನ್ನು ಒಬ್ಬರು ನಿಜವಾಗಿಯೂ ಮಾಡಿ ನೋಡಿದ್ದಾರೆ. ಹಿಚ್‌ಕಾಕ್‌ನ 1960ರ 'ಸೈಕೋ'ವನ್ನು 1998ರಲ್ಲಿ ಗಸ್ ವ್ಯಾನ್ ಸ್ಯಾಂಟ್ ಹೆಚ್ಚುಕಮ್ಮಿ ಶಾಟ್‌ಗೆ ಶಾಟ್ ಮತ್ತೆ ತೆಗೆದರು. ಅದೇ ಚಿತ್ರಕಥೆ, ಬರ್ನಾರ್ಡ್ ಹರ್ಮನ್‌ನ ಅದೇ ಪಿಟೀಲು ಸಂಗೀತ ಹೊಸದಾಗಿ ನುಡಿಸಿದ್ದು, ಮುಖಗಳು ಬೇರೆ, ಮತ್ತೆ ಬಣ್ಣ. ಮೂಲ ಕಪ್ಪು ಬಿಳುಪು. ಅದರಲ್ಲಿ ಬಚ್ಚಲಲ್ಲಿ ಹರಿಯುವ ರಕ್ತ ಅಸಲಿಗೆ ಚಾಕಲೇಟ್ ಸಿರಪ್. ಹೊಸದರಲ್ಲಿ ರಕ್ತ ಕೆಂಪಗೇ ಇತ್ತು. ಹೆದರಿಕೆ ಮಾತ್ರ ಎಲ್ಲೋ ದಾರಿಯಲ್ಲಿ ಇಳಿದುಹೋಗಿತ್ತು.

ಇಲ್ಲಿ ನನ್ನ ಕರೆಂಟ್ ಹೋದ ಪರೀಕ್ಷೆ ಕೈ ಕೊಡುತ್ತದೆ, ಒಪ್ಪಿಕೊಳ್ಳುತ್ತೇನೆ. 'ಸೈಕೋ' ಕಥೆಯನ್ನು ಬಾಯಲ್ಲಿ ಹೇಳಿದರೆ ಚೆನ್ನಾಗಿಯೇ ಹೆದರಿಸಬಹುದು. ಆದರೆ ಗುಟ್ಟು ಗೊತ್ತಿಲ್ಲದವರಿಗೆ. ನಾಯಕಿ ಅಂದುಕೊಂಡವಳು ಅರ್ಧಕ್ಕೂ ಮುಂಚೆಯೇ ಸಾಯುತ್ತಾಳೆ ಅಂತ 1960ರ ಜನಕ್ಕೆ ಗೊತ್ತಿರಲಿಲ್ಲ. ಸಿನಿಮಾ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದು ಅಂತ ಹಿಚ್‌ಕಾಕ್ ಥಿಯೇಟರಿನವರಿಗೆ ತಾಕೀತು ಮಾಡಿದ್ದೂ ಇದಕ್ಕೇ. 1998ಕ್ಕೆ ಅದು ಊರಿಗೆಲ್ಲ ಗೊತ್ತಿದ್ದ ಗುಟ್ಟು. ಹಾಗಾಗಿ ಪರೀಕ್ಷೆಗೆ ಇನ್ನೊಂದು ಪ್ರಶ್ನೆ ಸೇರಿಸಿಕೊಂಡೆ: ಗುಟ್ಟು ಇನ್ನೂ ಗುಟ್ಟಾಗಿ ಉಳಿದಿದೆಯಾ? ಬಯಲಾಗಿದ್ದರೆ, ರೀಮೇಕ್ ಮಾಡುವವರು ಹೊಸ ಗುಟ್ಟು ತರಬೇಕು.

ಅದೇ ಮಾತುಗಳನ್ನು ಬೇರೆಯವರ ಬಾಯಲ್ಲಿ ಹೇಳಿಸಿ ಗೆದ್ದ ಉದಾಹರಣೆಯೂ ಇದೆ, ಸುಮ್ನೆ ತಮಾಷೆಗೆ ಹೇಳುತ್ತೇನೆ. 1931ರಲ್ಲಿ ಬಿಡುಗಡೆಯಾದ 'ಡ್ರಾಕುಲಾ'ವನ್ನು ಹಾಲಿವುಡ್‌ನಲ್ಲಿ ತೆಗೆಯುವಾಗ ಹಗಲು ಇಂಗ್ಲಿಷ್ ತಂಡ, ರಾತ್ರಿ ಅದೇ ಸೆಟ್ಟಿನಲ್ಲಿ ಸ್ಪ್ಯಾನಿಷ್ ತಂಡ. ಹಗಲಿನವರು ಏನು ತೆಗೆದರು ಅಂತ ನೋಡಿಕೊಂಡು ರಾತ್ರಿಯವರು ಅದಕ್ಕಿಂತ ಚೆನ್ನಾಗಿ ತೆಗೆಯಲು ಹೊರಟರು. ಕ್ಯಾಮೆರಾ ಕೆಲಸದಲ್ಲಿ ರಾತ್ರಿಯವರದ್ದೇ ಮೇಲು ಅನ್ನುವವರು ಈಗಲೂ ಇದ್ದಾರೆ. ಡಬ್ಬಿಂಗ್ ಇನ್ನೂ ರೂಢಿಗೆ ಬರದ ಕಾಲ. ಬೇರೆ ಭಾಷೆಯ ಜನಕ್ಕೆ ತಲುಪಿಸಲು ಅದೊಂದು ದಾರಿಯಾಗಿತ್ತು.

ನಮ್ಮಲ್ಲೂ ಅದೇ ಕಥೆ. ಕನ್ನಡದಲ್ಲಿ ದಶಕಗಳ ಕಾಲ ಡಬ್ಬಿಂಗಿಗೆ ತಡೆ ಇತ್ತು. ಬೇರೆ ಭಾಷೆಯ ಕಥೆ ಕನ್ನಡದಲ್ಲಿ ಕೇಳಬೇಕೆಂದರೆ ರೀಮೇಕ್ ಒಂದೇ ಬಸ್ಸು. 2015ರಲ್ಲಿ ಕಾಂಪಿಟಿಷನ್ ಕಮಿಷನ್ (ವ್ಯಾಪಾರದಲ್ಲಿ ಪೈಪೋಟಿ ನ್ಯಾಯವಾಗಿ ನಡೆಯುತ್ತಿದೆಯಾ ಅಂತ ನೋಡುವ ಕೇಂದ್ರದ ಆಯೋಗ) ಆ ತಡೆ ತಪ್ಪು ಅಂದ ಮೇಲೆ, ಮತ್ತೆ ಮನೆ ಮನೆಗೆ ಓಟಿಟಿ ಬಂದ ಮೇಲೆ, ಮಲಯಾಳಂ ಆಗಲಿ ಕೊರಿಯನ್ ಆಗಲಿ ಸಬ್‌ಟೈಟಲ್ ಹಾಕಿಕೊಂಡು ಫೋನಿನಲ್ಲೇ ಬರುತ್ತದೆ. ಅಂದರೆ "ಹೊಸ ಜನಕ್ಕೆ ತಲುಪಲಿ ಅಂತ ರೀಮೇಕ್ ಮಾಡಿದೆವು" ಅನ್ನುವ ಹಳೇ ಕಾರಣ ಈಗ ನಡೆಯುವುದಿಲ್ಲ. ಬೇರೆ ಕಾರಣ ಹೇಳಬೇಕು.

ಊರು ಬದಲಿಸುವುದು: ನಾಗವಲ್ಲಿಯ ನಾಲ್ಕು ಮನೆ

ಆ ಬೇರೆ ಕಾರಣ ಏನಿರಬಹುದು ಅಂತ ತಿಳಿಯಲು ಹತ್ತಿರದಲ್ಲೇ ಒಳ್ಳೆಯ ಉದಾಹರಣೆ ಇದೆ. 'ಮಣಿಚಿತ್ರತ್ತಾಳು' 2004ರಲ್ಲಿ ಪಿ. ವಾಸು ಕೈಯಲ್ಲಿ 'ಆಪ್ತಮಿತ್ರ' ಆಯಿತು. ಅವರೇ 2005ರಲ್ಲಿ ತಮಿಳಿನಲ್ಲಿ 'ಚಂದ್ರಮುಖಿ' ಮಾಡಿದರು. 2007ರಲ್ಲಿ ಹಿಂದಿಯ 'ಭೂಲ್ ಭುಲಯ್ಯಾ' ಬಂತು, ಅದನ್ನು ಮಾಡಿದ ಪ್ರಿಯದರ್ಶನ್ ಮೂಲ ಸಿನಿಮಾದಲ್ಲಿ ನಿರ್ದೇಶಕ ಫಾಸಿಲ್ ಕೈಕೆಳಗೆ ಒಂದಷ್ಟು ದೃಶ್ಯ ತೆಗೆದುಕೊಟ್ಟವರೇ. ಬಂಗಾಳಿಯಲ್ಲೂ ಒಂದಿದೆ, ಅದನ್ನು ಬಿಡಿ.

ಈ ನಾಲ್ಕನ್ನೂ ಪಕ್ಕ ಪಕ್ಕ ಇಟ್ಟು ನೋಡಿದಾಗ ನನಗೆ ಹೊಳೆದದ್ದು ಒಂದು ಸಣ್ಣ ವಿಷಯ. ಈ ಕಥೆಯಲ್ಲಿ ಹೆದರಿಸುವುದು ದೆವ್ವದ ಮುಖ ಅಲ್ಲ, ದೆವ್ವದ ಭಾಷೆ. ದಿನಾ ನಮ್ಮ ಭಾಷೆ ಮಾತಾಡುತ್ತಿದ್ದ ಮನೆಯ ಸೊಸೆ, ತಾನು ಸತ್ತುಹೋದ ನರ್ತಕಿ ನಾಗವಲ್ಲಿ ಅಂದುಕೊಂಡು, ಒಂದು ದಿನ ಇದ್ದಕ್ಕಿದ್ದ ಹಾಗೆ ಬೇರೆ ಭಾಷೆಯಲ್ಲಿ ಬಾಯಿ ತೆಗೆಯುತ್ತಾಳೆ! ಮಲಯಾಳಿ ಮನೆಯಲ್ಲಿ ಅವಳು ತಮಿಳು ಮಾತಾಡಿದಳು. ಕನ್ನಡದ ಮನೆಯಲ್ಲಿ ತೆಲುಗು. ತಮಿಳಿನಲ್ಲೂ ತೆಲುಗು. ಹಿಂದಿಯಲ್ಲಿ ಬಂಗಾಳಿ. ಪ್ರತಿ ಸಲವೂ ಪಕ್ಕದ ಮನೆಯವರ ಭಾಷೆ: ತೀರಾ ಅಪರಿಚಿತ ಅಲ್ಲ, ಅರ್ಧಂಬರ್ಧ ಅರ್ಥವಾಗುವಂಥದ್ದು. ಬರೀ ಮಾತುಗಳನ್ನು ತರ್ಜುಮೆ ಮಾಡಿದ್ದರೆ ಇದು ಸಿಗುತ್ತಿರಲಿಲ್ಲ, ಊರನ್ನೇ ಬದಲಿಸಬೇಕಿತ್ತು. ರೀಮೇಕ್ ಯಾಕೆ ಬೇಕು ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಕ್ಕಿಲ್ಲ.

(ಪಾವಗಡದ ನನ್ನ ಗೆಳೆಯನಿಗೆ ಇದನ್ನು ಹೇಳಿದೆ. ಅವರ ಮನೆಮಾತು ತೆಲುಗು. "ಏನ್ ಗುರು, ನಿಮಗೆ ನಾಗವಲ್ಲಿ ತೆಲುಗು ಮಾತಾಡಿದ್ರೆ ಭಯ, ನಮ್ಮನೇಲಿ ದಿನಾ ಬೆಳಿಗ್ಗೆ ನಮ್ಮಮ್ಮ ಮಾತಾಡ್ತಾಳೆ" ಅಂದ. ಪಾವಗಡಕ್ಕೆ, ಕೋಲಾರದ ಆ ಕಡೆ ಊರುಗಳಿಗೆ ಬೇಕಾದರೆ ಇನ್ನೊಂದು ರೀಮೇಕ್ ಮಾಡಬೇಕು.)

ಹಾಗಂತ ಊರು ಬದಲಾದಾಗ ಕಳೆದುಕೊಂಡದ್ದೂ ಇದೆ. ಮೂಲದಲ್ಲಿ ಮೋಹನ್‌ಲಾಲ್ ಬರುವುದೇ ಎಷ್ಟೋ ಹೊತ್ತಾದ ಮೇಲೆ. ಅಲ್ಲಿಯವರೆಗೆ ಆ ಮನೆ, ಆ ಬೀಗ, ಶೋಭನಾ ಕಣ್ಣು. ಆ ಪಾತ್ರಕ್ಕೆ ಶೋಭನಾಗೆ ರಾಷ್ಟ್ರ ಪ್ರಶಸ್ತಿ ಬಂತು. 'ಆಪ್ತಮಿತ್ರ'ದಲ್ಲಿ ವಿಷ್ಣುವರ್ಧನ್ ಡಾಕ್ಟರೂ ಹೌದು, ನಾಗವಲ್ಲಿಯನ್ನು ಕೊಂದ ಕ್ರೂರ ರಾಜನೂ ಹೌದು. ಕಥೆಯ ತೂಕ ಆಕೆಯಿಂದ ಈತನ ಕಡೆಗೆ ವಾಲಿತು. ಇದನ್ನು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ, ಯಾಕೆಂದರೆ ಆ ರಾಜನ "ಹೌಲಾ ಹೌಲಾ"ವನ್ನು ನಾನೂ ಕಾಲೇಜು ಕಾರಿಡಾರಿನಲ್ಲಿ ಕೂಗಿದವನು. ಆದರೆ ತೂಕ ವಾಲಿದ್ದು ನಿಜ. ಇನ್ನೊಂದು ಭಾರ ನಮ್ಮ ಸಿನಿಮಾಕ್ಕೆ ಮಾತ್ರ ಇತ್ತು. ಆ ಸೊಸೆ ಗಂಗಾಳ ಪಾತ್ರ ಮಾಡಿದ ಸೌಂದರ್ಯ 2004ರ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಹೋದರು, ಸಿನಿಮಾ ಬಂದದ್ದು ಆಗಸ್ಟ್‌ನಲ್ಲಿ. ತೀರಿಹೋದ ಹೆಣ್ಣುಮಗಳು ಪರದೆ ಮೇಲೆ ತೀರಿಹೋದವಳ ಮಾತು ಆಡುವುದನ್ನು ಇಡೀ ಥಿಯೇಟರ್ ಉಸಿರು ಬಿಗಿ ಹಿಡಿದು ನೋಡಿತು. ಇದನ್ನು ಯಾವ ನಿರ್ದೇಶಕನೂ ಬರೆದು ತರಲು ಆಗದು, ಮತ್ತೆ ಮಾಡಲೂ ಆಗದು. ಅದಕ್ಕೇ ನನ್ನ ಮಟ್ಟಿಗೆ 'ಆಪ್ತಮಿತ್ರ' ರೀಮೇಕ್ ಆಗಿದ್ದರೂ ಈಗ ಮೂಲವೇ.

ಮುಂದುವರಿಕೆಗಳ ಬಗ್ಗೆ ಜಾಸ್ತಿ ಹೇಳಲ್ಲ. ದೆವ್ವ ಇಲ್ಲ, ಇದು ಮನಸ್ಸಿನ ಕಾಯಿಲೆ ಅಂತ ಹೇಳಿ ಮುಗಿದ ಕಥೆ. ಹಿಂದಿಯ ಎರಡನೇ ಭಾಗಕ್ಕೆ ಬರುವಷ್ಟರಲ್ಲಿ ದೆವ್ವ ನಿಜವಾಗಿಯೇ ಬಂದುಬಿಟ್ಟಿತು.

ನಾವು ಬರೀ ತಂದದ್ದಲ್ಲ, ಕಳಿಸಿದ್ದೂ ಇದೆ. 'ನಾ ನಿನ್ನ ಬಿಡಲಾರೆ' 1981ರಲ್ಲಿ ಹಿಂದಿಯಲ್ಲಿ 'ಮಂಗಳಸೂತ್ರ' ಆಯಿತು, ಅನಂತನಾಗ್ ಅಲ್ಲೂ ಇದ್ದರು, ಜೊತೆಗೆ ರೇಖಾ. 2016ರ 'ಯು ಟರ್ನ್' ಅನ್ನು ನಿರ್ದೇಶಕ ಪವನ್ ಕುಮಾರ್ ಅವರೇ 2018ರಲ್ಲಿ ತಮಿಳು, ತೆಲುಗಿಗೆ ಒಯ್ದರು. ಅದು ನನ್ನ ಪರೀಕ್ಷೆಯಲ್ಲಿ ಆರಾಮಾಗಿ ಪಾಸು: ಡಿವೈಡರ್ ಕಲ್ಲು ಸರಿಸಿ ಗಾಡಿ ತಿರುಗಿಸಿದವರು ಒಬ್ಬೊಬ್ಬರೇ ಸಾಯುತ್ತಾರೆ. ಬಿ.ಎಚ್. ರಸ್ತೆಯಲ್ಲಿ ಸಿಕ್ಕ ಸಿಕ್ಕ ಸಂದಿಯಲ್ಲಿ ಬೈಕ್ ನುಗ್ಗಿಸುವವರನ್ನು ನೋಡಿದಾಗಲೆಲ್ಲ ನನಗೆ ಇದರ ತುಮಕೂರು ರೀಮೇಕ್ ಬೇಕು ಅನ್ನಿಸುತ್ತದೆ.

ಬೀಜ ಮಾತ್ರ ಉಳಿಸಿಕೊಂಡು

ಪೂರ್ತಿ ಹೊಸದು ಮಾಡುವುದೇ ಗೆದ್ದ ಕಡೆ ನೋಡಿದರೆ ಒಂದು ಹೋಲಿಕೆ ಕಾಣುತ್ತದೆ. ಮೂಲದಲ್ಲಿ ಕಥೆ ಗಟ್ಟಿ ಇತ್ತು, ಕೈಯಲ್ಲಿ ಸಾಮಾನು ಇರಲಿಲ್ಲ. 1951ರಲ್ಲಿ ಹಿಮದ ನಾಡಿನಲ್ಲಿ ಸಿಕ್ಕ ಬೇರೆ ಲೋಕದ ಜೀವಿಯ ಸಿನಿಮಾ ಬಂತು. ಅದರ ಮೂಲ ಕಥೆಯಲ್ಲಿ ಆ ಜೀವಿ ಯಾವ ಮನುಷ್ಯನ ವೇಷ ಬೇಕಾದರೂ ಹಾಕಬಲ್ಲದು, ನಮ್ಮ ಪಕ್ಕ ಕೂತವನು ಅದೇ ಇರಬಹುದು. ಆ ಸಿನಿಮಾದಲ್ಲಿ ಇದನ್ನು ಕೈಬಿಟ್ಟು ದೊಡ್ಡ ದೇಹದ ಒಬ್ಬ ರಾಕ್ಷಸನನ್ನು ತಂದರು. 1982ರಲ್ಲಿ ಜಾನ್ ಕಾರ್ಪೆಂಟರ್ 'ದಿ ಥಿಂಗ್' ಮಾಡಿ ಬಿಟ್ಟುಹೋದದ್ದನ್ನು ವಾಪಸ್ ತಂದರು, ರಬ್ಬರು, ಲೋಳೆ, ತಂತಿ ಎಲ್ಲ ಬಳಸಿ. ಬಿಡುಗಡೆಯಾದಾಗ ಅದು ಓಡಲಿಲ್ಲ. ಎರಡು ವಾರ ಮುಂಚೆ ಬಂದಿದ್ದ ಸ್ಪೀಲ್‌ಬರ್ಗ್‌ನ ಮುದ್ದು ಅನ್ಯಲೋಕದ ಜೀವಿಯನ್ನೇ ಜನ ಮೆಚ್ಚಿಕೊಂಡಿದ್ದರು. ಈಗ ಹಾರರ್ ಪಟ್ಟಿ ಯಾರು ಮಾಡಿದರೂ 'ದಿ ಥಿಂಗ್' ಇರುತ್ತದೆ. 2011ರಲ್ಲಿ ಅದರ ಹಿಂದಿನ ಕಥೆ ಅಂತ ಅದೇ ಹೆಸರಲ್ಲಿ ಇನ್ನೊಂದು ತೆಗೆದರು. ಕೈಯಲ್ಲಿ ಮಾಡಿದ ಬೊಂಬೆಗಳ ಮೇಲೆ ಕಂಪ್ಯೂಟರ್ ಗ್ರಾಫಿಕ್ಸ್ ಬಳಿದರು. ಸಾಮಾನು ಜಾಸ್ತಿ ಇತ್ತು, ಕಥೆಗೆ ಸೇರಿಸಲು ಏನೂ ಇರಲಿಲ್ಲ.

1958ರ 'ದಿ ಫ್ಲೈ'ಯಲ್ಲಿ ವಿಜ್ಞಾನಿಗೆ ಒಂದೇ ಏಟಿಗೆ ನೊಣದ ತಲೆ ಬಂದುಬಿಡುತ್ತದೆ, ನಮ್ಮ ಹುಡುಗ ನೋಡಿದರೆ ಬಿದ್ದು ಬಿದ್ದು ನಗುತ್ತಾನೆ. 1986ರಲ್ಲಿ ನಿರ್ದೇಶಕ ಕ್ರೋನೆನ್‌ಬರ್ಗ್ ಅದನ್ನು ನಿಧಾನದ ಕಾಯಿಲೆಯಾಗಿ ಮಾಡಿದರು. ಉಗುರು ಕಳಚುತ್ತದೆ, ಹಲ್ಲು ಬೀಳುತ್ತದೆ, ಪ್ರೀತಿಸಿದವಳು ಪಕ್ಕದಲ್ಲಿ ನಿಂತು ನೋಡಬೇಕು. ಮೇಕಪ್ಪಿಗೆ ಆಸ್ಕರ್ ಬಂತು. ಮನೆಯಲ್ಲಿ ದೀರ್ಘ ಕಾಯಿಲೆಯವರನ್ನು ನೋಡಿಕೊಂಡವರು ಇದನ್ನು ನೋಡುವ ಮೊದಲು ಒಮ್ಮೆ ಯೋಚಿಸಿ, ದೆವ್ವಕ್ಕಿಂತ ಹತ್ತಿರ ಬಂದು ತಟ್ಟುತ್ತದೆ.

ಭಯ ಬೆಳಕಿನಲ್ಲಿ ಇರುವ ಸಿನಿಮಾಕ್ಕೆ ಉದಾಹರಣೆ 1922ರ 'ನೊಸ್ಫೆರಾಟು'. ಮೆಟ್ಟಿಲ ಗೋಡೆ ಮೇಲೆ ಹತ್ತುವ ಆ ನೆರಳನ್ನು ಬಾಯಲ್ಲಿ ಹೇಗೆ ಹೇಳುತ್ತೀರಿ? ಅದೇ 'ಡ್ರಾಕುಲಾ' ಕಾದಂಬರಿಯಿಂದ ಕದ್ದ ಕಥೆ. ಡ್ರಾಕುಲಾ ಬರೆದವರ ಹೆಂಡತಿ ಕೋರ್ಟಿಗೆ ಹೋಗಿ ಎಲ್ಲ ಪ್ರಿಂಟು ನಾಶ ಮಾಡಬೇಕು ಅಂತ ತೀರ್ಪು ತಂದರು, ಎಲ್ಲೋ ಕೆಲವು ಪ್ರಿಂಟು ತಪ್ಪಿಸಿಕೊಂಡವು. 1979ರಲ್ಲಿ ಹರ್ಜೋಗ್, 2024ರಲ್ಲಿ ರಾಬರ್ಟ್ ಎಗ್ಗರ್ಸ್ ಅದನ್ನು ಮತ್ತೆ ಮಾಡಿದರು. ಇಬ್ಬರೂ ತಮ್ಮದೇ ಕತ್ತಲು ತಂದರು, ಹಳೇ ನೆರಳನ್ನು ಮೀರಲು ಆಗಲಿಲ್ಲ. ಇದು ನನ್ನ ಅಭಿಪ್ರಾಯ, ಜಗಳಕ್ಕೆ ಸಿದ್ಧ.

ಹಳೇದರಲ್ಲಿ ಏನು ಹಳಸುತ್ತದೆ

ಮೊದಲು ಹಳಸುವುದು ವಸ್ತುಗಳು. 1998ರ ಜಪಾನಿನ 'ರಿಂಗು', ಅದರ 2002ರ ಅಮೆರಿಕನ್ ರೀಮೇಕ್, ಎರಡರಲ್ಲೂ ಶಾಪ ಇರುವುದು ವೀಡಿಯೋ ಕ್ಯಾಸೆಟ್ಟಿನಲ್ಲಿ. ವಿಸಿಆರ್ ಬಾಡಿಗೆಗೆ ತಂದು ರಾತ್ರಿಯಿಡೀ ಮೂರು ಸಿನಿಮಾ ನೋಡಿದ ನನಗೆ ಅದು ಭಯ. ಹುಡುಗನಿಗೆ ಮೊದಲು ಕ್ಯಾಸೆಟ್ ಅಂದರೇನು ಅಂತ ಹೇಳಬೇಕು. ಆದರೆ ಇದನ್ನೇ ನೆಪ ಮಾಡಿಕೊಂಡು ರೀಮೇಕ್ ಮಾಡಬೇಕಿಲ್ಲ. ಮೊಬೈಲ್ ಕೊಟ್ಟ ಕೂಡಲೇ ಇನ್ನೊಂದು ತೊಂದರೆ ಶುರು: ಎಲ್ಲರೂ ಫೋನ್ ಎತ್ತಿ "ನೆಟ್‌ವರ್ಕ್ ಇಲ್ಲ" ಅನ್ನುವ ಆ ದೃಶ್ಯ ಎಲ್ಲ ಹೊಸ ಸಿನಿಮಾದಲ್ಲೂ ಬಂದೇ ಬರುತ್ತದೆ, ಬೆಟ್ಟದ ಮೇಲಾದರೂ ಸರಿ, ಪೇಟೆ ನಡುವೆ ಆದರೂ ಸರಿ.

ನಿಜವಾಗಿ ಹಳಸುವುದು ಹೆಂಗಸರನ್ನು ನೋಡುವ ರೀತಿ. ಹಳೇ ದೆವ್ವದ ಕಥೆಗಳಲ್ಲಿ ಹೆಣ್ಣಿಗೆ ಎರಡೇ ಪಾರ್ಟು, ಪತಿವ್ರತೆ ಇಲ್ಲವೇ ಪಿಶಾಚಿ. ಜೊತೆಗೆ ಮೈಮೇಲೆ ಬಂದವರನ್ನು ಕೂದಲು ಹಿಡಿದು, ಬೇವಿನ ಸೊಪ್ಪಿನಲ್ಲಿ, ಚಾವಟಿಯಲ್ಲಿ ಬಾರಿಸುವ ದೃಶ್ಯ. ದೆವ್ವ ಬಿಡಿಸುತ್ತೇವೆ ಅಂತ ಹಿಂಸೆ ಕೊಡುವುದು ಕರ್ನಾಟಕದಲ್ಲಿ 2017ರ ಮೌಢ್ಯ ನಿಷೇಧ ಕಾಯ್ದೆ ಪ್ರಕಾರ ಅಪರಾಧ, 2020ರಿಂದ ಅದು ಜಾರಿಯಲ್ಲಿದೆ. ಹಳೇ ಸಿನಿಮಾದಲ್ಲಿ ಅದನ್ನು ಆ ಕಾಲದ್ದು ಅಂತ ನೋಡಬಹುದು. ಈಗ ಹೊಸದಾಗಿ ತೆಗೆದು ಅದೇ ಏಟಿಗೆ ಶಿಳ್ಳೆ ಹೊಡೆಸಿದರೆ ಒಪ್ಪಲಾಗದು. ಇದೊಂದು ಕಾರಣಕ್ಕೆ ಕೆಲವು ಕಥೆಗಳನ್ನು ಮತ್ತೆ ಹೇಳಲೇಬೇಕು ಅನ್ನಿಸುತ್ತದೆ.

ಹಾಗಾದರೆ ಇವತ್ತು ರಾತ್ರಿ ಯಾವುದು?

ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಹಳೇದೇ ಮೇಲು. ನಿಧಾನ ಇರುತ್ತದೆ, ರಕ್ತ ಕಡಿಮೆ, ನಡುವೆ ಹಾಡು ಬಂದು ಉಸಿರು ಬಿಡಲು ಜಾಗ ಸಿಗುತ್ತದೆ. ಹೊಸದಾದರೆ ಸರ್ಟಿಫಿಕೇಟ್ ನೋಡಿ, ಈಗ ಯು/ಎ ಜೊತೆಗೆ 7+, 13+, 16+ ಅಂತ ವಯಸ್ಸೂ ಹಾಕುತ್ತಾರೆ. ಹದಿಹರೆಯ ದಾಟುತ್ತಿರುವವರಿಗೆ ನೇರ ಕಪ್ಪು ಬಿಳುಪಿನಿಂದ ಶುರು ಮಾಡಿಸಬೇಡಿ, ಜೀವಮಾನ ಪೂರ್ತಿ ಹಳೇ ಸಿನಿಮಾ ಮುಟ್ಟುವುದಿಲ್ಲ. 1982ರ 'ದಿ ಥಿಂಗ್', 1986ರ 'ದಿ ಫ್ಲೈ' ಥರದ್ದು, ಅಂದರೆ ತಾವೇ ರೀಮೇಕ್ ಆಗಿದ್ದು ಈಗ ಹಳೇದಾಗಿರುವಂಥದ್ದು, ದಾಟಲು ಒಳ್ಳೆಯ ಸೇತುವೆ. ಎರಡರಲ್ಲೂ ರಕ್ತ ಜಾಸ್ತಿ, 18 ತುಂಬಿದವರಿಗೆ ಮಾತ್ರ. ಅದಕ್ಕಿಂತ ಚಿಕ್ಕವರಿಗೆ 'ಆಪ್ತಮಿತ್ರ' ಸಾಕು, ಧಾರಾಳವಾಗಿ ಸಾಕು.

ಒಂದೇ ಕಥೆಯ ಎರಡು ರೂಪ ನೋಡುವುದಾದರೆ ಮೊದಲು ಮೂಲ ಅನ್ನುವ ನಿಯಮ ನನಗೆ ಸರಿ ಕಾಣುವುದಿಲ್ಲ. ಗುಟ್ಟು ಯಾವುದರಲ್ಲಿ ಚೆನ್ನಾಗಿ ಬಚ್ಚಿಟ್ಟಿದೆಯೋ ಅದನ್ನು ಮೊದಲು ನೋಡಿ. ಗುಟ್ಟು ಒಮ್ಮೆ ತಾನೆ ಬಿಚ್ಚಿಕೊಳ್ಳುವುದು.

'ನಾ ನಿನ್ನ ಬಿಡಲಾರೆ'ಯನ್ನು ಮತ್ತೆ ಮಾಡಬೇಕಾ? ಅತ್ತೆ ಜೊತೆ ಇದನ್ನು ಎಷ್ಟೋ ಸಲ ಮಾತಾಡಿದ್ದೇನೆ. ಪರೀಕ್ಷೆಯಲ್ಲಿ ಅದು ಪಾಸು, ಕತ್ತಲಲ್ಲಿ ಹೇಳಿದರೂ ಹೆದರಿಸಿತು. ಆದರೆ ಮೊದಲು ಅದನ್ನು ಚೆನ್ನಾಗಿ ತೊಳೆದು ತೋರಿಸಲಿ, ಅನಂತನಾಗ್ ಕಣ್ಣು ಹುಡುಗರಿಗೂ ಸರಿಯಾಗಿ ಕಾಣಲಿ. ಆಮೇಲೂ ಮಾಡುವುದಿದ್ದರೆ ಕಾಮಿನಿ ಕಡೆಯಿಂದ ಮಾಡಲಿ. ಅವಳಿಗೇನಾಗಿತ್ತು, ಯಾಕೆ ಬಿಡಲಾರಳು ಅಂತ. "ಅದ್ಯಾರೂ ಮಾಡಲ್ಲ ಬಿಡು" ಅಂದರು ಅತ್ತೆ. ಸ್ವಲ್ಪ ಹೊತ್ತು ಬಿಟ್ಟು ಅವರೇ, "ಮಾಡಿದ್ರೆ ನಾನು ಥಿಯೇಟ್ರಿಗೇ ಬರ್ತೀನಿ" ಅಂದರು. ಮೊಣಕಾಲು ನೋವು ಅಂತ ಗುಬ್ಬಿ ಸಂತೆಗೂ ಹೋಗದವರು.

ಈ ವರ್ಷದ ಅಮಾವಾಸ್ಯೆಗೆ ರಾಜಿ ಆಗಿದೆ. ಮೊದಲು ಅತ್ತೆಯದು, ಆಮೇಲೆ ಹುಡುಗನದು. ಎಲ್ಲರ ಫೋನೂ ಸ್ಟೀಲ್ ಡಬ್ಬದೊಳಗೆ. ಅತ್ತೆಯದು ಇನ್ನೊಂದು ಷರತ್ತು: ಯಾವುದು ಮೊದಲು ಮುಗಿದರೂ ಹಿತ್ತಲ ಬಾಗಿಲು ಹಾಕಿ ಬರುವುದು ಅವನೇ. ಅದನ್ನು ಕೇಳಿದ ಮೇಲೆ, ಎರಡೂ ಹಗಲೇ ನೋಡೋಣ್ವಾ ಮಾವ, ಅಂತ ಮೆಸೇಜ್ ಹಾಕಿದ್ದಾನೆ.